ಪ್ರಶ್ನೆಗೆ ಸಲ್ಲಬೇಕಾದ ಮರ್ಯಾದೆ

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ಲಿನಂತಹ ಊರುಗಳಲ್ಲಿ ನಾನಾ ಮತದವರು ಒಂದೆಡೆ ಕುಳಿತು ಮಾತನಾಡುವಾಗ, ಯೇಸು ದೇವರಾಗಿದ್ದರೆ ಶಿಲುಬೆಯ ಮೇಲೆ ಮಡಿದುದೇಕೆ, ತಂದೆ, ಮಗ, ಪವಿತ್ರಾತ್ಮ ಎನ್ನುವಿರಲ್ಲ, ದೇವರು ಒಬ್ಬನೋ ಮೂವರೋ ಎಂದು ನೆರೆಯವನು ಕ್ರೈಸ್ತನನ್ನು ಕೇಳುವುದು ಸಹಜವೇ ಸರಿ. ಈ ಪ್ರಶ್ನೆಯನ್ನು ಆಕ್ಷೇಪವೆಂದು ತಿಳಿದು ಕೆರಳುವವರೂ, ತಮ್ಮ ಮತಕ್ಕೆ ಸೆಳೆಯುವ ಅವಕಾಶವೆಂದು ಹಿಗ್ಗುವವರೂ ಉಂಟು. ಇಬ್ಬರೂ ಕೇಳಿದವನನ್ನು ಮರೆತಿರುತ್ತಾರೆ. ಅರಿಯಬಯಸಿದವನಿಗೆ ಅರಿವಾಗುವಂತೆ ಹೇಳುವುದೇ ಉತ್ತರದ ಧರ್ಮವೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕ್ರೈಸ್ತರ ಗ್ರಂಥವೇ ಪ್ರಮಾಣ. ಇರುಳಿನಲ್ಲಿ ಯೇಸುವಿನ ಬಳಿಗೆ ಬಂದ ಯೆಹೂದ್ಯ ಮುಖಂಡ ನಿಕೊದೇಮನು, ಮುಪ್ಪಡರಿದವನು ಮರಳಿ ಹುಟ್ಟುವುದೆಂತು ಎಂದು ಸಂಶಯಪಟ್ಟಾಗ ಆತನು ಅವನನ್ನು ಹೊರಗಟ್ಟದೆ ವಿವರಿಸಿದನು. ಪೇತ್ರನ ಮೊದಲನೆಯ ಪತ್ರವಾದರೋ ನಂಬಿಕೆಯ ಕಾರಣವನ್ನು ಕೇಳಿದವರಿಗೆ ಉತ್ತರಿಸುವ ಸಿದ್ಧತೆಯನ್ನು ಮಾತ್ರವಲ್ಲ, ಆ ಉತ್ತರದಲ್ಲಿ ವಿನಯವನ್ನೂ ವಿಧಿಸುತ್ತದೆ.

ಆದರೆ ದನಿಯನ್ನು ತಗ್ಗಿಸಿದ ಮಾತ್ರಕ್ಕೆ ಈ ವಿನಯ ಪೂರ್ಣವಾಗದು. ಉತ್ತರಿಸುವವನು ಕೇಳುವವನ ನುಡಿಯನ್ನೂ ಸಂಸ್ಕಾರವನ್ನೂ ಬಲ್ಲವನಾಗಬೇಕು. ಮಾನ್ವಿಯ ಜಗನ್ನಾಥದಾಸರು ದ್ವೈತಸಿದ್ಧಾಂತವನ್ನು 'ಹರಿಕಥಾಮೃತಸಾರ'ದ ಷಟ್ಪದಿಗಳಲ್ಲಿ ಹಾಡಿಟ್ಟ ಈ ಸೀಮೆಯ ಜನಕ್ಕೆ ಜೀವ, ಈಶ್ವರ, ಮುಕ್ತಿಗಳ ವಿಚಾರ ಹೊಸತಲ್ಲ. ಅವರನ್ನು ಏನೂ ಅರಿಯದವರೆಂದು ಎಣಿಸಿ ಬೋಧಿಸಹೊರಡುವುದು ಅವಿವೇಕ. 1853ರಲ್ಲಿ ಬಾಸೆಲ್ ಮಿಷನ್ನಿನ ಬೋಧಕರಾಗಿ ಬಂದ ಫರ್ಡಿನೆಂಡ್ ಕಿಟೆಲ್ಲರು ತಮ್ಮ ಮತವನ್ನು ತಿಳಿಸಲೆಂದೇ ಬಂದವರಾದರೂ ಕನ್ನಡಿಗರ ಬಳಿ ವಿದ್ಯಾರ್ಥಿಯಾಗಿ ಕುಳಿತರು. ಕೇಶಿರಾಜನ ವ್ಯಾಕರಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಪ್ರಕಟಿಸಿದರು. ಅವರ ಮತವನ್ನು ಒಪ್ಪದ ಕನ್ನಡಿಗನೂ ಅವರ ಹೆಸರನ್ನು ಇಂದಿಗೂ ಗೌರವದಿಂದ ನೆನೆಯುವುದು ಈ ವಿದ್ಯಾರ್ಥಿಭಾವದ ಫಲವೇ ಆಗಿದೆ.

ಎಲ್ಲಕ್ಕೂ ಉತ್ತರ ಹೇಳಲೇಬೇಕೆಂಬ ಹಟವೂ ಸಲ್ಲದು. ತಂದೆ, ಮಗ, ಪವಿತ್ರಾತ್ಮರೆಂಬ ತ್ರಿತ್ವವನ್ನು ಕುರಿತು 15 ಭಾಗಗಳ ಗ್ರಂಥವನ್ನು ರಚಿಸಿದ ಪ್ರಾಚೀನ ಕ್ರೈಸ್ತ ಚಿಂತಕ ಆಗಸ್ಟೀನನೇ ಆ ತತ್ತ್ವ ಮನುಷ್ಯಬುದ್ಧಿಗೆ ಮೀರಿದ್ದೆಂದು ಕೈಮುಗಿದಿರುವಾಗ, ಸಾಮಾನ್ಯ ವಿಶ್ವಾಸಿಯು "ನಾನು ಇಷ್ಟನ್ನು ಬಲ್ಲೆ, ಉಳಿದುದನ್ನು ಬಲ್ಲವರಲ್ಲಿ ವಿಚಾರಿಸಿ ಹೇಳುವೆನು" ಎಂದರೆ ಅವನ ನಂಬಿಕೆಗೆ ಕುಂದಿಲ್ಲ. ಪ್ರಾಮಾಣಿಕತೆಯಿಂದ ಅದರ ಘನತೆಯೇ ಹೆಚ್ಚುತ್ತದೆ.

ಕೇಳಿದವನು ಕೊನೆಗೆ ಒಪ್ಪದೆ ಎದ್ದುಹೋಗಬಹುದು. ಆ ಸ್ವಾತಂತ್ರ್ಯ ಅವನದು. ಆದರೂ ನೆರೆಯವನ ದೇವರು ಯಾರು, ಆತನ ಪ್ರಾರ್ಥನೆ ಎಂತಹದು ಎಂಬುದನ್ನು ಗಾಳಿಮಾತಿನಿಂದಲ್ಲದೆ ಅವನ ಬಾಯಿಂದಲೇ ತಿಳಿದವನು ನಾಳೆ ಆ ನೆರೆಯವನ ಮೇಲಿನ ಮಿಥ್ಯಾಪವಾದಕ್ಕೆ ಸುಲಭವಾಗಿ ಕಿವಿಗೊಡಲಾರನು. ಊರಿನ ಸೌಹಾರ್ದಕ್ಕೆ ಇಷ್ಟು ದೊಡ್ಡ ಲಾಭವಿರುವಾಗ, ಕ್ರೈಸ್ತನಾಗಲಿ ಅನ್ಯಮತದವನಾಗಲಿ, ಜಿಜ್ಞಾಸುವಿನೊಡನೆ ಕಳೆದ ಒಂದು ಗಳಿಗೆಯನ್ನು ವ್ಯರ್ಥವೆಂದು ಭಾವಿಸಲಾಗದು.