ಬದಲಾಗಬೇಕಾದ್ದು ನಮ್ಮೂರು, ನಕ್ಷೆ ಮಾತ್ರ ಇಂಗ್ಲಿಷಿನಲ್ಲಿ!



ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆಯ ಕಚೇರಿಗೆ ಹೋಗಿದ್ದೆ. ಗೋಡೆಯ ಮೇಲೆ ಬಿಂದಿಗೆ ಹೊತ್ತ ಹಳ್ಳಿಯ ಹೆಣ್ಣುಮಗಳ ದೊಡ್ಡ ಫೋಟೋ. ಅದರ ಕೆಳಗೆ ಕಂಪ್ಯೂಟರ್ ಪರದೆಯಲ್ಲಿ ಡಬ್ಬಿಗಳು, ಬಾಣಗಳು: ಔಟ್‌ಪುಟ್, ಔಟ್‌ಕಮ್, ಇಂಪ್ಯಾಕ್ಟ್. 'ಥಿಯರಿ ಆಫ್ ಚೇಂಜ್' ಅಂತೆ. ಇದನ್ನು ಬರೆಯಲೆಂದೇ ಆನ್‌ಲೈನ್ ತಂತ್ರಾಂಶಗಳಿವೆ. ಆ ತಾಯಿಯ ಬದುಕು ಹೇಗೆ ಬದಲಾಗಬೇಕೆಂದು ಅಲ್ಲಿ ತೀರ್ಮಾನವಾಗುತ್ತಿತ್ತು. ಅದರ ಒಂದಕ್ಷರವೂ ಆಕೆಗೆ ಓದಲು ಬಾರದು!

ಉಪಕರಣ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 1995ರಲ್ಲಿ ಅಮೆರಿಕದ ಕ್ಯಾರಲ್ ವೈಸ್ ಎಂಬ ವಿದ್ವಾಂಸೆ, ಸಮಾಜದ ಕೆಲಸಕ್ಕೆ ಇಳಿಯುವವರು ಅದು ಯಾಕೆ ಫಲ ಕೊಡುತ್ತದೆಂಬ ತಮ್ಮ ನಂಬಿಕೆಯನ್ನು ಮೊದಲು ಬಿಚ್ಚಿಡಲಿ ಎಂದರು. ಒಳ್ಳೆಯ ಮಾತು. ಕೊನೆಯ ಗುರಿಯಿಂದ ಹೊರಟು ಹಿಂದಕ್ಕೆ ಹೆಜ್ಜೆ ಗುರುತಿಸುತ್ತಾ ಬರುವುದು ಈ ನಕ್ಷೆಯ ಕ್ರಮ. ಎಷ್ಟು ಕೊಳವೆಬಾವಿ ಕೊರೆಸಿದಿರಿ? ಅದು ಔಟ್‌ಪುಟ್. ಮನೆಗೆ ನೀರು ಬಂತೆ? ಅದು ಔಟ್‌ಕಮ್. ಬಿಂದಿಗೆ ಹೊರುವುದು ತಪ್ಪಿ ಹುಡುಗಿ ಶಾಲೆಗೆ ಹೋದಳೆ? ಅದು ಇಂಪ್ಯಾಕ್ಟ್. ಇಷ್ಟೇ ತಾನೆ? ಇದನ್ನು ಕನ್ನಡದಲ್ಲಿ ಹೇಳಲು ಯಾವ ಪಂಡಿತ ಬೇಕು?

ಈ ನಕ್ಷೆಯ ಜೀವವಿರುವುದು 'ಅಸಂಪ್ಷನ್' ಎಂಬ ಡಬ್ಬಿಯಲ್ಲಿ. ಅಂದರೆ ನಾವು ಹೀಗಾಗುತ್ತದೆಂದು ಸುಮ್ಮನೆ ನಂಬಿಕೊಂಡದ್ದು. ತರಬೇತಿ ಬೆಳಿಗ್ಗೆ ಹತ್ತಕ್ಕೆ ಎಂದು ಪರದೆಯಲ್ಲಿ ಬರೆಯುತ್ತಾರೆ. "ಕೂಲಿಗೆ ಹೋದವರು ಹತ್ತಕ್ಕೆ ಹೆಂಗೆ ಬರ್ತಾರೆ ಸ್ವಾಮಿ?" ಎಂದು ಕೇಳಬಲ್ಲವಳು ಆ ಫೋಟೋದ ತಾಯಿಯೇ. ಆಕೆಯನ್ನು ಹೊರಗಿಟ್ಟ ಮೇಲೆ ಆ ಡಬ್ಬಿಗೆ ಯಾರು ಉತ್ತರ ತುಂಬುತ್ತಾರೆ? ದುಡ್ಡು ಕೊಡುವ ಕಂಪೆನಿಯ ಸಾಹೇಬರೇ?

ದುಡ್ಡಿನ ಮಾತೂ ಬಂತು. 2013ರ ಕಂಪೆನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪೆನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕನ್ನಡ ನಾಡಿನಲ್ಲಿ ಖರ್ಚಾಗುವ ಹಣದ ಯೋಜನೆ ಕನ್ನಡದಲ್ಲಿರಲಿ ಎಂದು ಕೇಳಿದರೆ ನಾವು ಸಂಕುಚಿತರೆ?

ಹಿಂದೆ ಹೀಗಿರಲಿಲ್ಲ. 1990ರ ಆಸುಪಾಸಿನಲ್ಲಿ ಇದೇ ಬೆಂಗಳೂರಿನ ಮೈರಾಡ ಸಂಸ್ಥೆಯವರು ಹಳ್ಳಿಗರ ಕೈಯಲ್ಲೇ ನೆಲದ ಮೇಲೆ ಊರಿನ ನಕ್ಷೆ ಬಿಡಿಸಿದರು. ರಂಗೋಲಿ ಪುಡಿ, ಕಲ್ಲು, ಎಲೆ. ಓದಲು ಬಾರದವರೂ ಕೆರೆ ಎಲ್ಲಿ ಒಡೆದಿದೆ, ಬಡವರ ಮನೆ ಯಾವುದು ಎಂದು ಬೆರಳಿಟ್ಟು ತೋರಿಸಬಹುದಾಗಿತ್ತು. ತಪ್ಪಿದ್ದರೆ ಪಕ್ಕದವರು ಕಾಲಿನಲ್ಲಿ ಅಳಿಸಿ ತಿದ್ದುತ್ತಿದ್ದರು. ಪರದೆಯ ಮೇಲಿನ ಡಬ್ಬಿಯನ್ನು ಹಾಗೆ ಅಳಿಸಲು ಯಾರು ಬಿಡುತ್ತಾರೆ?

ತಂತ್ರಜ್ಞಾನ ಬಿಡುತ್ತಿಲ್ಲ ಎಂಬುದು ಶುದ್ಧ ಸುಳ್ಳು. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿ ಇತ್ತು. ಕೀನ್ಯಾದವರನ್ನು ನೋಡಿ! 2008ರಲ್ಲಿ ಚುನಾವಣೆಯ ನಂತರದ ಗಲಭೆ ಎಲ್ಲೆಲ್ಲಿ ನಡೆಯುತ್ತಿದೆ ಎಂದು ಜನರೇ ನಕ್ಷೆಯಲ್ಲಿ ಗುರುತಿಸಲು ಅಲ್ಲಿಯ ಯುವಕ ಯುವತಿಯರು ಒಂದು ತಂತ್ರಾಂಶ ಕಟ್ಟಿದರು. ಹೆಸರು 'ಉಷಾಹಿದಿ'. ಸ್ವಾಹಿಲಿಯಲ್ಲಿ ಸಾಕ್ಷ್ಯ ಎಂದರ್ಥ. ಅದನ್ನು ಜಗತ್ತಿನ ಬೇರೆ ದೇಶಗಳೂ ಅದೇ ಸ್ವಾಹಿಲಿ ಹೆಸರಿನಲ್ಲೇ ಬಳಸಿದವು. ಐಟಿ ರಾಜಧಾನಿ ಎಂದು ಎದೆ ತಟ್ಟಿಕೊಳ್ಳುವ ನಾವು?

ನಿಮ್ಮಲ್ಲಿ ಎಷ್ಟೋ ಮಂದಿ ಇಂಥ ಸಂಸ್ಥೆಗಳಲ್ಲೇ ಕೆಲಸಕ್ಕಿದ್ದೀರಿ. ಮುಂದಿನ ಸಭೆಗೆ ಡಬ್ಬಿಗಳನ್ನು ಕನ್ನಡದಲ್ಲಿ ತುಂಬಿ ಒಯ್ಯಿರಿ. ಸಾಹೇಬರಿಗೆ ಅರ್ಥವಾಗದಿದ್ದರೆ ಅನುವಾದ ಅವರು ಮಾಡಿಸಿಕೊಳ್ಳಲಿ.