ದೀಪ ಸಣ್ಣ ಮಾಡುವ ಕೈ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ 'ದೀಪ ಆರಿಸು' ಎನ್ನುವ ಹಾಗಿರಲಿಲ್ಲ. ಅದು ಅಪಶಕುನ. 'ದೀಪ ಶಾಂತ ಮಾಡು' ಎನ್ನಬೇಕು. ಪೂರ್ತಿ ಶಾಂತ ಮಾಡುವ ಮೊದಲು ಇನ್ನೊಂದು ಹಂತವಿತ್ತು, ದೀಪ ಸಣ್ಣ ಮಾಡುವುದು. ರಾತ್ರಿ ಊಟವಾಗಿ ಪಾತ್ರೆ ತೊಳೆದು ಬಂದ ಅಮ್ಮ ಲಾಟೀನಿನ ಪಕ್ಕದ ತಿರುಪಿಗೆ ಕೈ ಹಾಕಿ, ತಿರುಗಿಸುವ ಮೊದಲು ನನ್ನ ಕಡೆ ನೋಡುತ್ತಿದ್ದಳು. "ಸಣ್ಣ ಮಾಡ್ಲನೇ, ಇನ್ನೂ ಓದೋದು ಇದ್ಯಾ?" ಸೀಮೆಎಣ್ಣೆಗೆ ರೇಷನ್ನಿದ್ದ ಕಾಲ ಅದು. ಆದರೂ ಕೇಳದೆ ಅವಳು ಬತ್ತಿ ಇಳಿಸಿದ್ದು ನನಗೆ ನೆನಪಿಲ್ಲ.

ನನ್ನ ತವರಿನವರು ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರಿನಡಿ ಹೋದವು. ಆ ನೀರಿನಿಂದ ಹುಟ್ಟಿದ ಕರೆಂಟು ಬೆಂಗಳೂರಿಗೆ ಹೋಯಿತು. ಹೊಸ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡ ನಮ್ಮವರ ಮನೆಗೆ ಅದು ಬಂದದ್ದು ನಾನು ಹೈಸ್ಕೂಲು ಸೇರಿದ ಮೇಲೆ. ಮೊದಲ ದಿನ ಅಪ್ಪ ಸ್ವಿಚ್ಚನ್ನು ತಾನು ಮುಟ್ಟದೆ, "ನೀನೇ ಒತ್ತು" ಎಂದು ಅಮ್ಮನಿಗೆ ಹೇಳಿದ್ದ. 'ಟಕ್' ಎಂದಿತು, ಬೆಳಕಾಯಿತು. ಆ ಟಕ್ ಎನ್ನುವ ಸದ್ದಿನ ಬೆಲೆ ನನಗೆ ಗೊತ್ತಿದೆ. ಅದಕ್ಕೇ ಈಗ ಜಗಳಕ್ಕೆ ನಿಂತಿದ್ದೇನೆ.

ನಾವು ಈ ಊರಿನಲ್ಲಿ ಮನೆ ಕಟ್ಟಿಸಿದ್ದು 2006ರಲ್ಲಿ. ಹಾಲ್‌ಗೆ ಪಿಒಪಿ ಸೀಲಿಂಗ್ ಮಾಡಿಸಿ ಅದರಲ್ಲಿ ಎಂಟು ಪುಟ್ಟ ಹ್ಯಾಲೊಜೆನ್ ಬಲ್ಬು ಹಾಕಿಸುವುದು ಆಗಿನ ಷೋಕಿ. ಒಂದೊಂದೂ 50 ವ್ಯಾಟ್. ಅವು ನಡೆಯುವುದು 12 ವೋಲ್ಟಿನಲ್ಲಿ, ಹಾಗಾಗಿ ಪ್ರತಿಯೊಂದಕ್ಕೂ ಸೀಲಿಂಗಿನೊಳಗೆ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರು. ಬೆಳಕೇನೋ ಬಂಗಾರದಂಥದ್ದು. ಗೌರಿ ಹಬ್ಬಕ್ಕೆ ಬಂದ ಹೆಂಗಸರ ಸೀರೆಯ ಜರಿ ಅದರಡಿ ಹೊಳೆಯುತ್ತಿದ್ದುದನ್ನು ನಾನೂ ಹೆಮ್ಮೆಯಿಂದ ನೋಡಿದ್ದೇನೆ.

ಡಲ್ಲಾಸಿನಲ್ಲಿರುವ ಮಗ 2022ರ ಡಿಸೆಂಬರಿನಲ್ಲಿ ರಜಕ್ಕೆ ಬಂದವನು ಮನೆಯನ್ನು 'ಸ್ಮಾರ್ಟ್' ಮಾಡುತ್ತೇನೆಂದು ಹೊರಟ. ಟಕ್ ಎನ್ನುವ ಸ್ವಿಚ್ಚುಗಳನ್ನೆಲ್ಲ ಕೀಳಿಸಿ, ಮುಟ್ಟಿದರೆ ಸಾಕು ಎನ್ನುವ ಗಾಜಿನ ಫಲಕಗಳನ್ನು ಹಾಕಿಸಿದ. ಹಾಲ್‌ನ ಹ್ಯಾಲೊಜೆನ್‌ಗಳಿಗೆ ಬೆಳಕು ಏರಿಸಿ ಇಳಿಸುವ ಡಿಮ್ಮರು. ಎಲ್ಲವೂ ಅವನ ಮೊಬೈಲಿಗೆ ಸೇರಿದ್ದು.

"ಅಮ್ಮಾ, ಇನ್ನು ನೀನು ಎದ್ದು ಹೋಗಿ ಸ್ವಿಚ್ಚು ಒತ್ತೋದೇ ಬೇಡ" ಎಂದ.

"ನನಗೆ ಎದ್ದು ಹೋಗೋಕೆ ಆಗಲ್ಲ ಅಂತ ನಿನಗ್ಯಾರು ಹೇಳಿದ್ರೋ?" ಎಂದೆ. ನಕ್ಕ. ನಾನೂ ನಕ್ಕು ಸುಮ್ಮನಾದೆ. ಅಲ್ಲಿ ಸುಮ್ಮನಾದದ್ದು ನನ್ನ ತಪ್ಪು. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವನು ವಾಪಸು ಹೋದ ಮೇಲೆ ಶುರುವಾಯಿತು. ರಾತ್ರಿ ಹತ್ತಕ್ಕೆ ಸರಿಯಾಗಿ ಹಾಲ್‌ನ ದೀಪಗಳು ತಾವಾಗಿಯೇ ಸಣ್ಣಗಾಗುತ್ತಿದ್ದವು. ನಾನು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕೂತವಳು ಏಳೋ ಒಂದೋ ಎಂದು ಅಂಕ ಗೊತ್ತಾಗದೆ ಕಣ್ಣು ಕಿರಿದು ಮಾಡಬೇಕು. ಫಲಕ ಮುಟ್ಟಿ ಬೆಳಕು ಏರಿಸಿದರೆ ಐದು ನಿಮಿಷಕ್ಕೆ ಫೋನು. ಅಲ್ಲಿ ಅವನಿಗೆ ಬೆಳಗಿನ ಕಾಫಿಯ ಸಮಯ. "ಇನ್ನೂ ಮಲಗಿಲ್ವಾ ಅಮ್ಮಾ? ರಾತ್ರಿ ಜಾಸ್ತಿ ಬೆಳಕು ಒಳ್ಳೇದಲ್ಲ. ಕರೆಂಟೂ ಉಳಿಯುತ್ತೆ" ಎಂದು ಅಲ್ಲಿಂದಲೇ ಮತ್ತೆ ಇಳಿಸುತ್ತಿದ್ದ. ಮೂವತ್ತು ವರ್ಷ ಮಕ್ಕಳಿಗೆ 'ಮಲಗಿ, ಬೆಳಿಗ್ಗೆ ಎದ್ದು ಓದಿ' ಎಂದು ಹೇಳಿದವಳನ್ನು ನನ್ನ ಮಗ ಸಮುದ್ರದಾಚೆಯಿಂದ ಮಲಗಿಸುತ್ತಿದ್ದಾನೆ!

ಕರೆಂಟು ಉಳಿಯುತ್ತದೆ ಎಂಬ ಮಾತನ್ನೂ ವಿಚಾರಿಸಿ ನೋಡೋಣವೆಂದು ನಮ್ಮ ಶಾಲೆಯ ವಿಜ್ಞಾನದ ಮೇಡಂ ಅವರನ್ನು ಕೇಳಿದೆ. ನಾನು ಬಿ.ಎ. ಓದಿದವಳು, ಕೇಳಿ ತಿಳಿಯುವುದರಲ್ಲಿ ನಾಚಿಕೆಯಿಲ್ಲ. ಅವರು ಹೇಳಿದ್ದಿಷ್ಟು. ಹ್ಯಾಲೊಜೆನ್ ಬಲ್ಬು ಹಳೆಯ ಬಲ್ಬಿನ ತಂಗಿಯೇ. ಒಳಗೆ ಅದೇ ಟಂಗ್‌ಸ್ಟನ್ ತಂತಿ. ಕಾದಾಗ ಆವಿಯಾಗುವ ಟಂಗ್‌ಸ್ಟನ್ನು ಗಾಜಿಗೆ ಅಂಟದೆ ತಿರುಗಿ ತಂತಿಗೇ ಸೇರಲೆಂದು ಅಯೋಡಿನ್ ಅಥವಾ ಬ್ರೋಮಿನನ್ನು ಒಂದಿಷ್ಟು ತುಂಬಿರುತ್ತಾರೆ. ಹಾಗೆ ತಿರುಗಿ ಸೇರಬೇಕಾದರೆ ಬಲ್ಬಿನ ಗಾಜು ಸುಮಾರು 250 ಡಿಗ್ರಿಯಷ್ಟು ಕಾದಿರಬೇಕು. ಯಾವಾಗಲೂ ಮಂದವಾಗಿಯೇ ಉರಿಸಿದರೆ ಗಾಜು ಅಷ್ಟು ಕಾಯದೆ ಕಪ್ಪಾಗಬಹುದು. ಆಗಾಗ ಪೂರ್ತಿ ಬೆಳಗಿಸಬೇಕು.

ಇನ್ನು ಉಳಿತಾಯದ ಲೆಕ್ಕ. ಇಂಥ ಬಲ್ಬಿನ ವೋಲ್ಟೇಜನ್ನು ಅರ್ಧಕ್ಕೆ ಇಳಿಸಿದರೆ ಬೆಳಕು ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಕರೆಂಟು ಮಾತ್ರ ಮೂರರಲ್ಲಿ ಒಂದು ಪಾಲು ಖರ್ಚಾಗುತ್ತಲೇ ಇರುತ್ತದೆ. ಎಂದರೆ ಒಂಬತ್ತು ಪಾಲು ಬೆಳಕು ಕಳೆದುಕೊಂಡು ಎರಡು ಪಾಲು ಕರೆಂಟು ಉಳಿಸಿದ ಜಾಣತನ! ನಮ್ಮ ಎಂಟು ಬಲ್ಬು ದಿನಕ್ಕೆ ನಾಲ್ಕು ತಾಸು ಪೂರ್ತಿ ಉರಿದರೆ ತಿಂಗಳಿಗೆ 48 ಯೂನಿಟ್. ಅದೇ ಜಾಗಕ್ಕೆ 7 ವ್ಯಾಟಿನ ಎಲ್‌ಇಡಿ ಹಾಕಿದರೆ ಹೆಚ್ಚೂಕಡಿಮೆ ಅಷ್ಟೇ ಬೆಳಕಿಗೆ ತಿಂಗಳಿಗೆ 7 ಯೂನಿಟ್ ಸಾಕು. ಉಳಿಸುವ ಮನಸ್ಸಿದ್ದರೆ ಬಲ್ಬು ಬದಲಿಸಬೇಕಿತ್ತು. ಬಲ್ಬು ಹಾಗೇ ಬಿಟ್ಟು ಮಗ ಬದಲಿಸಿದ್ದು ಅದನ್ನು ಆಳುವ ಕೈಯನ್ನು.

ಇಷ್ಟಾದರೂ ನಾನು ಬಾಯಿ ತೆರೆಯಲಿಲ್ಲ. ಮಗ ಪ್ರೀತಿಯಿಂದ ಮಾಡಿದ್ದಲ್ಲವೇ? ಬಾಯಿ ತೆರೆಸಿದ್ದು 2023ರ ಆಷಾಢದ ಒಂದು ರಾತ್ರಿ.

ಮಲೆನಾಡಿನ ಆಷಾಢ ನಿಮಗೆ ಗೊತ್ತೇ ಇದೆ. ಗಾಳಿ, ಮಳೆ, ಹೋಗಿ ಬಂದು ಮಾಡುವ ಕರೆಂಟು. ಎಂಬತ್ತೆರಡರ ನಮ್ಮ ಅತ್ತೆ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆಂದು ಎದ್ದರು. ಹದಿನೇಳು ವರ್ಷ ಕಣ್ಣು ಮುಚ್ಚಿಕೊಂಡು ಹೋಗಿ ಟಕ್ ಎನ್ನಿಸಿದ ಜಾಗಕ್ಕೇ ಅವರ ಕೈ ಹೋಯಿತು. ಅಲ್ಲಿ ಈಗ ಇದ್ದದ್ದು ನುಣುಪು ಗಾಜು. ಯಾವುದು ಯಾವ ದೀಪದ್ದು ಎಂದು ಬೆರಳಿಗೆ ತಿಳಿಯುವಂಥದ್ದು ಏನೂ ಇಲ್ಲ. ಮುಟ್ಟಿದರು, ಒರೆಸಿದರು, ಬಡಿದರು. ದೀಪ ಬರಲಿಲ್ಲ. ಅವರಿಗೆ ನನ್ನನ್ನು ಎಬ್ಬಿಸುವ ಸಂಕೋಚ. ಗೋಡೆ ಹಿಡಿದುಕೊಂಡು ಹೊರಟವರು ಬಚ್ಚಲ ಮೆಟ್ಟಿಲಲ್ಲಿ ಎಡವಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಆ ಆರು ವಾರವೂ ನಾನೇ ಅವರಿಗೆ ತುತ್ತು ಕೊಟ್ಟು ಉಣ್ಣಿಸಿದೆ. ಒಮ್ಮೆಯೂ ಮೊಮ್ಮಗನನ್ನು ದೂರಲಿಲ್ಲ ಆ ಜೀವ. "ನಂದೇ ತಪ್ಪು ಕಣೆ, ನಂಗೆ ಹೊಸದು ಬರೂದಿಲ್ಲ" ಎಂದರು. ಅದು ನನಗೆ ಮುರಿದ ಕೈಗಿಂತ ಹೆಚ್ಚು ನೋವಾಯಿತು.

ಮರುದಿನ ಬಂದ ಎಲೆಕ್ಟ್ರಿಷಿಯನ್ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಫಲಕ ಬಿಚ್ಚಿ ತೋರಿಸಿದ. "ಇದು ಸ್ವಿಚ್ಚಲ್ಲ ಟೀಚರ್, ಪುಟ್ಟ ಕಂಪ್ಯೂಟರು. ಕರೆಂಟು ನಾಲ್ಕು ಸಲ ಹೋಗಿ ಬಂದ್ರೆ ಒಂದೊಂದ್ಸಲ ಮಂಕು ಹಿಡಿದ ಹಾಗೆ ಕೂತುಬಿಡುತ್ತೆ." ಸೀಲಿಂಗಿನಿಂದ ಗುಂಯ್ ಎನ್ನುವ ಸದ್ದು ಯಾಕೆಂದೂ ಅವನೇ ಬಿಡಿಸಿ ಹೇಳಿದ. ಈ ಡಿಮ್ಮರು ಕರೆಂಟಿನ ಅಲೆಯನ್ನು ಸೆಕೆಂಡಿಗೆ ನೂರು ಸಲ ಕತ್ತರಿಸಿ ಬೆಳಕು ಇಳಿಸುತ್ತದೆ. 12 ವೋಲ್ಟಿನ ಬಲ್ಬಿನ ಟ್ರಾನ್ಸ್‌ಫಾರ್ಮರು ಅದಕ್ಕೆ ಹೊಂದುವ ಜಾತಿಯದಾಗಿರಬೇಕು. ಹೊಂದದಿದ್ದರೆ ಗುಂಯ್ ಎನ್ನುತ್ತದೆ, ಬಲ್ಬು ಮಿಣಮಿಣ ಎನ್ನುತ್ತದೆ. ಸುಮ್ಮನೆ ಎಲ್‌ಇಡಿ ಹಾಕಿದರೂ ಅದೇ ಕಥೆ, ಡಿಮ್ಮರಿಗೆ ಒಗ್ಗುವ ಎಲ್‌ಇಡಿಯೇ ಬೇಕು. "ಹಾಕೋ ಮೊದಲು ನನ್ನ ಒಂದು ಮಾತು ಕೇಳಬಾರದಿತ್ತಾ ಟೀಚರ್?" ಎಂದ. ಅವನ ಹತ್ತಿರ ಏನು ಹೇಳಲಿ? ಮನೆಯಲ್ಲಿರುವ ನನ್ನನ್ನೇ ಯಾರೂ ಕೇಳಿರಲಿಲ್ಲ.

ನೀವು ಹೇಳಬಹುದು, 'ಅಷ್ಟಕ್ಕೇ ಏನು ರಾದ್ಧಾಂತ, ಒಳ್ಳೆಯ ಕಂಪನಿಯದು ಹಾಕಿಸಿದರಾಯಿತು' ಎಂದು. ಅಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಆ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅತ್ತೆಯನ್ನು ನೋಡಲು ಬಂದಿದ್ದಳು. ಗಂಡ ಗಲ್ಫಿನಲ್ಲಿ. ಇವಳು ಮಗುವಿನೊಂದಿಗೆ ಇಲ್ಲಿ, ಬಿ.ಇಡಿ. ಮುಗಿಸಿ ಟಿಇಟಿ ಪರೀಕ್ಷೆಗೆ ಓದುತ್ತಿದ್ದಾಳೆ. ನಾನು ನಮ್ಮ ಮನೆಯ ದೀಪಗಳ ಕಥೆಯನ್ನು ತಮಾಷೆಯಾಗಿ ಹೇಳುತ್ತಿದ್ದರೆ ಅವಳು ನಗಲಿಲ್ಲ. "ನಮ್ಮನೇಲೂ ಹಾಗೇ ಟೀಚರ್. ಹನ್ನೊಂದು ಗಂಟೆಗೆ ಅವರು ಅಲ್ಲಿಂದಲೇ ಆಫ್ ಮಾಡ್ತಾರೆ. ಮತ್ತೆ ಹಾಕಿದ್ರೆ, ಯಾರು ಬಂದಿದಾರೆ ಮನೇಲಿ ಅಂತ ಫೋನು" ಎಂದಳು. ಸಂಜೆ ದೀಪ ಹಚ್ಚುವುದು ತಡವಾದರೆ 'ಎಲ್ಲಿಗೆ ಹೋಗಿದ್ದೆ?' ಎಂಬ ವಿಚಾರಣೆ ಬೇರೆ. ದೀಪ ಹತ್ತಿದ್ದು, ಆರಿದ್ದು, ಎಲ್ಲದರ ಲೆಕ್ಕವೂ ಆ ಮೊಬೈಲಿನಲ್ಲಿ ಗಂಟೆ ನಿಮಿಷದ ಸಮೇತ ಇರುತ್ತದಂತೆ.

ಅವಳನ್ನು ಕಳಿಸಿ ಬಂದು ನಮ್ಮ ಹಾಲ್‌ನಲ್ಲಿ ಕೂತೆ. ಹತ್ತು ಹೊಡೆಯಿತು. ದೀಪಗಳು ಸಣ್ಣಗಾದವು. ನನ್ನ ಮಗ ಇಳಿಸುವುದು ಪ್ರೀತಿಯಿಂದ, ಅವಳ ಗಂಡ ಇಳಿಸುವುದು ಸಂಶಯದಿಂದ. ಆದರೆ ಓದುತ್ತಾ ಕೂತ ಹೆಂಗಸಿನ ಪುಸ್ತಕದ ಮೇಲೆ ಬೀಳುವ ಕತ್ತಲೆಯಲ್ಲಿ ಏನು ವ್ಯತ್ಯಾಸ? ಇಬ್ಬರೂ ಕೇಳಲಿಲ್ಲ. 'ಸಣ್ಣ ಮಾಡ್ಲನೇ?' ಎಂಬ ಒಂದು ಮಾತು ಇಬ್ಬರ ಯಂತ್ರದಲ್ಲೂ ಇಲ್ಲ.

ಇದು ನಮ್ಮೂರಿನ ಕಥೆ ಮಾತ್ರವಲ್ಲ. 2018ರ ಜೂನ್ ತಿಂಗಳಲ್ಲಿ ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಇಂಥದ್ದೇ ವರದಿಯೊಂದನ್ನು ಪ್ರಕಟಿಸಿತು. ದೀಪ, ಬಾಗಿಲ ಬೀಗ, ಮನೆ ಬೆಚ್ಚಗಿಡುವ ಯಂತ್ರ ಇವುಗಳನ್ನು ದೂರದಿಂದ ಆಡಿಸಿ ಹೆಂಗಸರನ್ನು ಹೆದರಿಸುವ, ಕಾಡುವ ಗಂಡಂದಿರ ವಿಷಯ ಅದರಲ್ಲಿತ್ತು. ಓದಿದವರ, ಹಣವಂತರ ಮನೆಗಳಲ್ಲೂ ಇದು ನಡೆಯುತ್ತದೆ. ಯಂತ್ರ ಹಾಕಿಸಿದವನು ಗಂಡಸು, ಗುಟ್ಟಿನ ಸಂಖ್ಯೆ ಅವನ ಹತ್ತಿರ, ಅದರೊಂದಿಗೆ ಬದುಕುವವಳು ಹೆಂಗಸು. ಹೊಲಿಗೆ ಯಂತ್ರದಿಂದ ಸ್ಕೂಟರಿನವರೆಗೆ ಏನು ಬಂದರೂ ನಾವು ಕಲಿತಿಲ್ಲವೇ? ಇದನ್ನು ಮಾತ್ರ ನಮಗೆ ಕಲಿಸುವುದಿಲ್ಲ, 'ನಿನಗೆ ಯಾಕೆ ತಾಪತ್ರಯ' ಎನ್ನುತ್ತಾರೆ.

ಈ ವಿದ್ಯೆಯನ್ನೇ ನಾನು ದೂರುತ್ತಿಲ್ಲ. ನಮ್ಮ ಪಕ್ಕದ ಬೀದಿಯಲ್ಲಿ ಲಕ್ವ ಹೊಡೆದು ಮಲಗಿರುವವರೊಬ್ಬರಿದ್ದಾರೆ. ಬಾಯಲ್ಲಿ ಹೇಳಿದರೆ ಅವರ ಕೋಣೆಯ ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ. ಮಗಳನ್ನು ಕೂಗಿ ಕರೆಯುವ ಸಂಕಟ ತಪ್ಪಿದೆ ಎಂದು ಅವರು ಕಣ್ಣೊರೆಸಿಕೊಂಡಿದ್ದನ್ನು ಕಂಡಿದ್ದೇನೆ. ಅಲ್ಲಿ ಯಂತ್ರ ಮಲಗಿದವರ ಕೈಯನ್ನು ಉದ್ದ ಮಾಡಿದೆ. ದೂರದಿಂದ ದೀಪ ಆಡಿಸುವುದು ಹೊಸದೂ ಅಲ್ಲ. 1975ರಲ್ಲೇ ಸ್ಕಾಟ್ಲೆಂಡಿನವರು ಮನೆಯ ವೈರಿನೊಳಗೇ ಸಂಕೇತ ಕಳಿಸಿ ದೀಪ ಹಚ್ಚಿಸುವ 'ಎಕ್ಸ್-10' ಎಂಬ ಏರ್ಪಾಟನ್ನು ಮಾಡಿದ್ದರು. ಆದರೆ ಅದರ ಗುಂಡಿಗಳು ಮನೆಯೊಳಗೇ ಇರುತ್ತಿದ್ದವು. ಇಂಟರ್‌ನೆಟ್ ಬಂದ ಮೇಲೆ ಗುಂಡಿ ಮನೆ ಬಿಟ್ಟು ಹೊರಟಿತು. ಕತ್ತಲೆಯಲ್ಲಿ ನಿಂತವರೊಬ್ಬರು, ಗುಂಡಿ ಒತ್ತುವವರು ಇನ್ನೊಬ್ಬರು ಎಂದಾಯಿತು. ಇದು ನಮ್ಮ ಮುಳುಗಡೆಯವರಿಗೆ ಚೆನ್ನಾಗಿ ಗೊತ್ತಿರುವ ಕಥೆಯೇ.

ಆದ್ದರಿಂದ ಗೆಳತಿಯರೇ, ಮಗನೋ ಅಳಿಯನೋ ಗಂಡನೋ ಇಂಥದ್ದನ್ನು ಹಾಕಿಸಲು ಬಂದರೆ ನಾಚಿಕೆಪಡದೆ ಮೂರು ಮಾತು ಕೇಳಿ. ಇಂಟರ್‌ನೆಟ್ ಇಲ್ಲದಾಗ, ಮೊಬೈಲು ಸತ್ತಾಗ, ಗೋಡೆಯ ಮೇಲಿನ ಸ್ವಿಚ್ಚು ಟಕ್ ಎಂದು ಕೆಲಸ ಮಾಡುತ್ತದೆಯೇ? ಅದರ ಗುಟ್ಟಿನ ಸಂಖ್ಯೆ ಮನೆಯಲ್ಲಿ ಇರುವವಳ ಕೈಯಲ್ಲಿ ಇರುತ್ತದೆಯೇ, ಬೇಡವಾದಾಗ ಹೊರಗಿನವರನ್ನು ತೆಗೆದುಹಾಕಲು ಅವಳಿಗೆ ಬರುತ್ತದೆಯೇ? ನಮ್ಮ ಬಲ್ಬಿಗೆ ಈ ಡಿಮ್ಮರು ಹೊಂದುತ್ತದೆಯೇ? ಮೂರಕ್ಕೂ 'ಹೌದು' ಎಂದರೆ ಹಾಕಿಸಿಕೊಳ್ಳಿ, ಸಂತೋಷ. ಒಂದಕ್ಕೆ 'ಇಲ್ಲ' ಎಂದರೂ 'ಬೇಡ' ಎನ್ನಿ. ನಾನು ನಕ್ಕು ಸುಮ್ಮನಾದ ಹಾಗೆ ಸುಮ್ಮನಾಗಬೇಡಿ.

ಮಗನಿಗೆ ಎಲ್ಲವನ್ನೂ ಹೇಳಿದೆ. ಮೊದಲು ವಾದ ಮಾಡಿದ. ಆಮೇಲೆ ವಿಡಿಯೋದಲ್ಲಿ ಅಜ್ಜಿಯ ಪ್ಲಾಸ್ಟರು ನೋಡಿ ತಲೆ ತಗ್ಗಿಸಿದ. ಎಲೆಕ್ಟ್ರಿಷಿಯನ್ ಹುಡುಗ ಹಳೆಯ ಸ್ವಿಚ್ಚುಗಳನ್ನು ಮತ್ತೆ ಕೂರಿಸಿ, ಹ್ಯಾಲೊಜೆನ್ ತೆಗೆದು ಡಿಮ್ಮರಿಗೆ ಒಗ್ಗುವ ಎಲ್‌ಇಡಿ ಹಾಕಿ, ಗೋಡೆಗೆ ಫ್ಯಾನಿನ ರೆಗ್ಯುಲೇಟರಿನಂಥ ಒಂದು ತಿರುಪು ಇಟ್ಟುಕೊಟ್ಟ. ಅತ್ತೆಗೆ ಅದೆಂದರೆ ಬಹಳ ಇಷ್ಟ. ವಾಸಿಯಾದ ಕೈಯಿಂದ ರಾತ್ರಿ ಅವರೇ ತಿರುಗಿಸುತ್ತಾರೆ, "ನಿನ್ನ ಪೇಪರು ಮುಗಿದ್ವಾ?" ಎಂದು ಕೇಳಿಯೇ.

ಆ ಹುಡುಗಿಗೆ ಚಾರ್ಜ್ ಮಾಡಿ ಇಟ್ಟುಕೊಳ್ಳುವ ಒಂದು ಟೇಬಲ್ ಲ್ಯಾಂಪು ಕೊಡಿಸಿದ್ದೇನೆ. ಅದು ಯಾರ ಮೊಬೈಲಿಗೂ ಸೇರಿದ್ದಲ್ಲ. ಅವಳ ಸಮಸ್ಯೆ ಅದರಿಂದ ಮುಗಿಯುವುದಿಲ್ಲ ಎಂದು ನನಗೂ ಗೊತ್ತು. ಆದರೆ ಪರೀಕ್ಷೆ ಮುಗಿಯುವವರೆಗೆ ಅವಳು ಎಷ್ಟು ಹೊತ್ತಿಗೆ ಬೇಕಾದರೂ ಓದಬಹುದು.