ಬೀಗ ಹಾಕಿದ ಮನೆಯಲ್ಲಿ ಚಿಗಟ

ಬೇಸಿಗೆ ರಜೆಗೆಂದು ತಿಪಟೂರಿನ ಕಡೆಯ ನಮ್ಮ ಊರಿಗೆ ಹೋಗಿ, ಮೂರು ವಾರ ಕಳೆದು ಮೈಸೂರಿನ ಮನೆಗೆ ಮರಳಿದ ದಿನ ನಡೆದ ಪ್ರಸಂಗ ಇದು. ಬೀಗ ತೆಗೆದು, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ಐದು ನಿಮಿಷ ಆಗಿರಲಿಲ್ಲ. ನನ್ನ ಹೆಂಡತಿ ಕಿಟಾರನೆ ಕಿರುಚಿದಳು. ನೋಡಿದರೆ ಅವಳ ಕಣಕಾಲಿನ ತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು. ಒರೆಸಲು ಹೋದರೆ ಚುಕ್ಕಿಗಳು ಚಂಗನೆ ನೆಗೆದು ಮಾಯ! ಅಷ್ಟರಲ್ಲಿ ನನ್ನ ಪಂಚೆಯೊಳಗೂ ಚುರುಕು ಮುಟ್ಟಿತ್ತು.

“ಎಲ್ಲ ಆ ನಾಯಿಯಿಂದ ಕಣ್ರೀ. ನಾಳೆಯೇ ಅದನ್ನ ಯಾರ ತೋಟಕ್ಕಾದರೂ ಕೊಟ್ಟು ಬನ್ನಿ” ಎಂದು ಆಜ್ಞೆಯಾಯಿತು. ನಮ್ಮ ಜತೆ ಬಂದಿದ್ದ ನನ್ನ ತಾಯಿಯೂ ದನಿಗೂಡಿಸಿದರು: “ಚಿಗಟ ಅಂದ್ರೆ ಹುಡುಗಾಟ ಅಲ್ಲ ಕಣೋ. ಪ್ಲೇಗು ಬಂದಾಗ ನಮ್ಮಮ್ಮನ ಮನೆಯವರೆಲ್ಲ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ರಂತೆ.”

ಏಳನೆಯ ತರಗತಿ ಮುಗಿಸಿದ್ದ ಮಗಳು ಕರಿಯನ ಕುತ್ತಿಗೆ ತಬ್ಬಿಕೊಂಡು ಕೂತಿದ್ದಳು. ಕಣ್ಣಲ್ಲಿ ನೀರು. ಆದರೆ ಅವಳು ಕೇಳಿದ ಪ್ರಶ್ನೆ ಮಾತ್ರ ನೆಟ್ಟಗಿತ್ತು: “ಅಪ್ಪ, ಕರಿಯ ನಮ್ಮ ಜೊತೆ ಊರಲ್ಲಿದ್ದ. ಇಲ್ಲಿ ಮನೆಗೆ ಬೀಗ ಇತ್ತು. ಹಾಗಾದ್ರೆ ಇಷ್ಟೊಂದು ಚಿಗಟ ಎಲ್ಲಿಂದ ಬಂತು?”

ಉತ್ತರ ನನ್ನಲ್ಲಿರಲಿಲ್ಲ. ಉತ್ತರ ಗೊತ್ತಿಲ್ಲದ ದೊಡ್ಡವರು ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ. ಫಿನಾಯಿಲ್ ಡಬ್ಬಿ ತೆಗೆದು, ನೀರು ಕಡಿಮೆ ಬೆರೆಸಿ, ಮನೆಯೆಲ್ಲ ಸುರಿದು ಒರೆಸಿದೆ. ರಾತ್ರಿ ಹೊತ್ತಿಗೆ ಕರಿಯ ಜೊಲ್ಲು ಸುರಿಸುತ್ತ, ವಾಂತಿ ಮಾಡಿಕೊಂಡು ಮೂಲೆಯಲ್ಲಿ ಬಿದ್ದಿದ್ದ. ಚಿಗಟಗಳು ಮಾತ್ರ ಎಂದಿನಂತೆ ನೆಗೆಯುತ್ತಿದ್ದವು.

ಬೆಳಿಗ್ಗೆ ಪಶುವೈದ್ಯರ ಬಳಿ ಓಡಿದೆವು. ಅವರು ಕರಿಯನಿಗೆ ಸೂಜಿ ಚುಚ್ಚಿ, ನನಗೆ ಮಾತಿನಿಂದ ಚುಚ್ಚಿದರು. “ನಾಯಿ ಪಾದ ನೆಕ್ಕುತ್ತೆ ಅನ್ನೋದು ಗೊತ್ತಿಲ್ವೇ ಸಾರ್? ನೆಲಕ್ಕೆ ಹಾಕಿದ್ದು ಅದರ ಹೊಟ್ಟೆಗೇ ಹೋಗುತ್ತೆ.” ಆಮೇಲೆ ಮಗಳ ಪ್ರಶ್ನೆ ಕೇಳಿ ನಕ್ಕರು. “ಸರಿಯಾದ ಪ್ರಶ್ನೆ ಕೇಳಿದೀಯಮ್ಮ. ನಾಯಿ ಮೈಮೇಲೆ ಕಾಣೋದು ನೂರಕ್ಕೆ ಐದು ಪಾಲು ಅಂತ ಇಟ್ಟುಕೋ. ಉಳಿದ ತೊಂಬತ್ತೈದು ನಿಮ್ಮ ಮನೇಲಿದೆ.”

ಚಿಗಟದ ಬದುಕಿಗೆ ನಾಲ್ಕು ಹಂತ: ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ. ಚಿಟ್ಟೆಯ ಬಗ್ಗೆ ಶಾಲೆಯಲ್ಲಿ ಓದಿದ್ದೀರಲ್ಲ, ಹಾಗೆಯೇ. ಹೆಣ್ಣು ಚಿಗಟ ನಾಯಿಯ ರಕ್ತ ಕುಡಿದ ಒಂದೆರಡು ದಿನದಲ್ಲೇ ಮೊಟ್ಟೆಯಿಡಲು ತೊಡಗುತ್ತದೆ. ದಿನಕ್ಕೆ ನಲವತ್ತು, ಐವತ್ತರವರೆಗೂ ಇಟ್ಟೀತು. ಅರ್ಧ ಮಿಲಿಮೀಟರಿನ ಈ ಬಿಳಿ ಮೊಟ್ಟೆಗಳು ಹೇನಿನ ಸೀರಿನ ಹಾಗೆ ಕೂದಲಿಗೆ ಅಂಟಿಕೊಳ್ಳುವುದಿಲ್ಲ; ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಉದುರುತ್ತವೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳು ಬೆಳಕಿಗೆ ಹೆದರಿ ಚಾಪೆಯಡಿ, ಮಂಚದಡಿ, ನೆಲದ ಬಿರುಕಿಗೆ ನುಸುಳುತ್ತದೆ. ಅದಕ್ಕೆ ಆಹಾರ ಯಾವುದು ಗೊತ್ತೆ? ದೊಡ್ಡ ಚಿಗಟಗಳ ಹಿಕ್ಕೆ. ಜೀರ್ಣವಾಗದ ಒಣ ರಕ್ತವೇ ಅದು. ಮೊಟ್ಟೆಯ ಜೊತೆ ಬುತ್ತಿಯೂ ಉದುರಿದಂತಾಯಿತು!

ಆಮೇಲೆ ಮರಿಹುಳು ರೇಷ್ಮೆಯಂಥ ಎಳೆಯಿಂದ ಗೂಡು ನೇಯ್ದುಕೊಳ್ಳುತ್ತದೆ. ಗೂಡು ಅಂಟಂಟು, ಅದಕ್ಕೆ ಧೂಳು, ಮರಳು ಮೆತ್ತಿಕೊಂಡು ಕಣ್ಣಿಗೆ ಕಾಣದ ಹಾಗಾಗುತ್ತದೆ. ಒಳಗೆ ಚಿಗಟ ತಯಾರಾಗಿದ್ದರೂ ಸುಮ್ಮನೆ ಹೊರಬರುವುದಿಲ್ಲ. ಬಂದರೆ ಉಪವಾಸ ಸಾಯಬೇಕಲ್ಲ! ಬಿಸಿ ರಕ್ತದ ಪ್ರಾಣಿ ಹತ್ತಿರ ಬಂತೆಂಬ ಸೂಚನೆಗೆ ಅದು ಕಾಯುತ್ತದೆ. ನೆಲದ ಮೇಲೆ ಹೆಜ್ಜೆಯ ಒತ್ತಡ, ಮೈಯ ಶಾಖ, ಉಸಿರಿನ ಕಾರ್ಬನ್ ಡೈಆಕ್ಸೈಡ್, ಇವೇ ಆ ಸೂಚನೆಗಳು. ಹಾಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬಲ್ಲದು.

ಮಗಳ ಪ್ರಶ್ನೆಗೆ ಇದೇ ಉತ್ತರ. ರಜೆಗೆ ಮುಂಚೆ ಕರಿಯ ಕೆರೆದುಕೊಳ್ಳುತ್ತಿದ್ದಾಗ ನಾವು ಅಲಕ್ಷ್ಯ ಮಾಡಿದ್ದೆವು. ಆಗ ಉದುರಿದ ಮೊಟ್ಟೆಗಳೆಲ್ಲ ಬೀಗ ಹಾಕಿದ ಮನೆಯಲ್ಲಿ ಗೂಡು ಕಟ್ಟಿ ಕಾದಿದ್ದವು. ನಮ್ಮ ಹೆಜ್ಜೆ ಬಿದ್ದದ್ದೇ ತಡ, ಎಲ್ಲವೂ ಒಟ್ಟಿಗೆ ಎದ್ದವು.

ಇನ್ನು ನನ್ನ ತಾಯಿಯ ಭಯ. ಅದು ಸುಮ್ಮನೆ ಹುಟ್ಟಿದ್ದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆಯಿಂದಾಚೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು ಆ ಬಳಿಕವೇ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯ ಒಂದು ಪ್ರಯೋಗ ಮಾಡಿದ. ಚಿಗಟಗಳಿದ್ದ ರೋಗಿ ಇಲಿಯನ್ನು ದೊಡ್ಡ ಗಾಜಿನ ಜಾಡಿಯಲ್ಲಿಟ್ಟು, ಅದಕ್ಕೆ ತಾಗದಂತೆ ಆರೋಗ್ಯವಂತ ಇಲಿಯೊಂದನ್ನು ಪುಟ್ಟ ಪಂಜರದಲ್ಲಿ ಇಟ್ಟ. ಇಲಿಗಳು ಒಂದನ್ನೊಂದು ಮುಟ್ಟಲಿಲ್ಲ, ಚಿಗಟ ನೆಗೆಯಿತು. ಕೆಲವೇ ದಿನಗಳಲ್ಲಿ ಎರಡನೆಯದೂ ಪ್ಲೇಗಿನಿಂದ ಸತ್ತಿತು. ಮೊದಲು ಯಾರೂ ಅವನನ್ನು ನಂಬಲಿಲ್ಲ. ಕೆಲ ವರ್ಷಗಳ ಮೇಲೆ ಮುಂಬಯಿಯಲ್ಲಿ ನಡೆದ ಪ್ರಯೋಗಗಳು ಅವನ ಮಾತು ನಿಜವೆಂದು ತೋರಿಸಿದವು. ಆದರೆ ಪ್ಲೇಗಿನ ಮುಖ್ಯ ವಾಹಕ ಇಲಿಯ ಚಿಗಟ. ಅದು ಬೇರೆ ಜಾತಿ. ಸಾಕುನಾಯಿಯ ಮೈಮೇಲೆ ಹೆಚ್ಚಾಗಿ ಸಿಗುವುದು ನಾಯಿ, ಬೆಕ್ಕುಗಳ ಚಿಗಟದ ಜಾತಿಗಳು. ಕರಿಯನ ಚಿಗಟ ಕಂಡು ಊರು ಬಿಡಬೇಕಾಗಿಲ್ಲ.

ಹಾಗೆಂದು ಅಲಕ್ಷ್ಯವೂ ಸಲ್ಲದು. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲೇ ಅಲರ್ಜಿ. ಬಾಲದ ಬುಡದ ಸುತ್ತ ಕೂದಲು ಉದುರಿ ಹುಣ್ಣಾಗುತ್ತದೆ. ತುಂಬ ಚಿಗಟವಾದರೆ ಎಳೆಯ ಮರಿಗಳು ರಕ್ತಹೀನತೆಯಿಂದ ಸಾಯುವುದೂ ಉಂಟು. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗಿದರೆ ಅದರೊಳಗಿನ ಲಾಡಿಹುಳು ಹೊಟ್ಟೆ ಸೇರುತ್ತದೆ. ಸೌತೆಬೀಜದಂಥ ತುಣುಕುಗಳು ಗುದದ ಬಳಿ ಕಂಡರೆ ಅದೇ ಗುರುತು. ಅಪರೂಪಕ್ಕೆ ಚಿಗಟ ಬಾಯಿಗೆ ಹೋಗಿ ಪುಟ್ಟ ಮಕ್ಕಳಿಗೂ ಈ ಹುಳು ಬರಬಹುದು. ನಾಯಿ ಮುಟ್ಟಿದ ಮೇಲೆ ಕೈ ತೊಳೆಯಿರಿ ಎಂದು ಅಮ್ಮ ಹೇಳುವುದು ಸುಮ್ಮನಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಚಿಗಟವೇ ಹೌದೋ ಎಂದು ಖಾತ್ರಿ ಮಾಡಿಕೊಳ್ಳಿ. ಇದನ್ನು ಮಕ್ಕಳೇ ಮಾಡಬಹುದು. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ನಾಯಿಯನ್ನು ನಿಲ್ಲಿಸಿ, ಹೇನು ತೆಗೆಯುವ ಬಾಚಣಿಗೆಯಿಂದ ಬೆನ್ನು ಬಾಚಿ. ಉದುರಿದ ಕಪ್ಪು ಪುಡಿಯ ಸುತ್ತ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಹರಡದಿದ್ದರೆ ಬರೀ ಮಣ್ಣು. ಬಾಚಣಿಗೆಗೆ ಸಿಕ್ಕ ಚಿಗಟವನ್ನು ಸೋಪು ನೀರಿಗೆ ಹಾಕಿ. ಬರಿಯ ನೀರಾದರೆ ಅದು ಮೇಲೆ ತೇಲಿ ಪಾರಾದೀತು. ಮೈಗೆ ಕಚ್ಚಿಕೊಂಡು ಅಲ್ಲಾಡದೆ ಕೂತಿರುವುದು ಉಣ್ಣೆ. ಅದರ ದಾರಿಯೇ ಬೇರೆ.

ಎರಡನೆಯದು, ನಾಯಿಯ ಚಿಕಿತ್ಸೆ. ನಾಯಿಯ ತೂಕ, ವಯಸ್ಸು ನೋಡಿ ವೈದ್ಯರು ಕುತ್ತಿಗೆಯ ಹಿಂದೆ ಹಾಕುವ ಹನಿಯನ್ನೋ, ನುಂಗಿಸುವ ಮಾತ್ರೆಯನ್ನೋ ಕೊಡುತ್ತಾರೆ. ಮನೆಯಲ್ಲಿರುವ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೇ ಔಷಧಿ ಆಗಬೇಕು. ಆದರೆ ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಲೇಬೇಡಿ. ನಾಯಿಗಳ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕನ್ನು ಕೊಂದುಬಿಡಬಲ್ಲದು. ಹೊಲಕ್ಕೆ ಹೊಡೆಯುವ ಔಷಧಿ, ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ನುಸಿಗುಳಿಗೆ ಯಾವುದೂ ಬೇಡ. ಇವೆಲ್ಲ ನಾಯಿಗೂ ವಿಷ, ಮಕ್ಕಳಿಗೂ ವಿಷ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಹೋಗುತ್ತದೆಂಬುದನ್ನೂ ನಂಬಬೇಡಿ. ಅದು ನಾಯಿಯ ರಕ್ತಕ್ಕೆ ಕೇಡು. ಬೇವಿನ ನೀರಿನ ಸ್ನಾನ ಮಾಡಿಸಿದರೆ ಮೈ ಶುದ್ಧವಾದೀತು, ಮಂಚದಡಿಯ ಗೂಡು ಹಾಗೇ ಇರುತ್ತದೆ.

ಮೂರನೆಯದು, ಮನೆ. ನಾಯಿಯ ಹಾಸಿಗೆ, ಗೋಣಿಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮರಿಹುಳುವಿನ ಶತ್ರು ಒಣಹವೆ ಮತ್ತು ಬಿಸಿಲು. ಮಂಚ, ಸೋಫಾ ಸರಿಸಿ ಮೂಲೆ ಮೂಲೆ ಗುಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಕಂಪನಕ್ಕೆ ಗೂಡಿನೊಳಗಿನ ಚಿಗಟಗಳು ಮೋಸಹೋಗಿ ಹೊರಬರುತ್ತವೆ. ಕಸವನ್ನು ಚೀಲಕ್ಕೆ ಕಟ್ಟಿ ಆಗಲೇ ಹೊರಹಾಕಿ. ನೆಲದ ಬಿರುಕಿಗೆ ಸಿಮೆಂಟು ಮೆತ್ತಿಸಿ. ಹಿತ್ತಿಲಲ್ಲಿ ನಾಯಿ ಮಲಗುವ ನೆರಳಿನ ಮಣ್ಣನ್ನು ಕೆರೆದು, ತರಗೆಲೆ ತೆಗೆದು ಬಿಸಿಲು ಬೀಳುವಂತೆ ಮಾಡಿ.

ನಾಲ್ಕನೆಯದು ತಾಳ್ಮೆ. ಗೂಡಿನೊಳಗಿನ ಕೋಶಕ್ಕೆ ಯಾವ ಔಷಧಿಯೂ ಸರಿಯಾಗಿ ತಾಗುವುದಿಲ್ಲ. ಆದ್ದರಿಂದ ಕನಿಷ್ಠ ಮೂರು ತಿಂಗಳು ಬಿಡದೆ ಚಿಕಿತ್ಸೆ ನಡೆಯಬೇಕು.

ನಮ್ಮ ಮನೆಯಲ್ಲಿ ಲೆಕ್ಕ ಇಡುವ ಕೆಲಸ ಮಗಳದಾಯಿತು. ರಾತ್ರಿ ತಟ್ಟೆಯಲ್ಲಿ ಸೋಪು ನೀರಿಟ್ಟು, ಮೇಲೆ ಸಣ್ಣ ದೀಪ ಉರಿಸಿ, ಬೆಳಿಗ್ಗೆ ಬಿದ್ದ ಚಿಗಟಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಗ್ರಾಫ್ ಬರೆದಳು. ಎರಡನೆಯ ವಾರ ಸಂಖ್ಯೆ ಇಳಿಯುವ ಬದಲು ಏರಿತು! “ದುಡ್ಡು ದಂಡ” ಎಂದಳು ನನ್ನ ಹೆಂಡತಿ. “ಇಲ್ಲಮ್ಮ, ಗೂಡಲ್ಲಿದ್ದವು ಈಚೆ ಬರ್ತಿವೆ. ಬಂದವು ಮತ್ತೆ ಮೊಟ್ಟೆ ಇಡಲ್ಲ” ಎಂದಳು ಮಗಳು. ಅವಳ ಮಾತೇ ನಿಜವಾಯಿತು. ಗ್ರಾಫಿನ ಗೆರೆ ನಿಧಾನವಾಗಿ ಕೆಳಗಿಳಿಯಿತು. ದಸರಾ ರಜೆ ಬರುವ ಹೊತ್ತಿಗೆ ತಟ್ಟೆಯಲ್ಲಿ ಬರೀ ನೀರು.

ಕೊನೆಗೊಂದು ಮಾತು, ವಿಶೇಷವಾಗಿ ತಂದೆ ತಾಯಂದಿರಿಗೆ. ಅಂದು ಸಿಟ್ಟಿನಲ್ಲಿ ಕರಿಯನನ್ನು ಯಾರಿಗೋ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ವೈದ್ಯರನ್ನು ಕೇಳಿದ್ದೆ. “ನಾಯಿ ಹೋಗ್ತಿತ್ತು, ಚಿಗಟ ಉಳೀತಿತ್ತು. ಕಚ್ಚೋಕೆ ನೀವು ಮಾತ್ರ ಇರ್ತಿದ್ರಿ” ಎಂದರು. ಔಷಧಿ ಹಾಕಿದ ನಾಯಿ ಮನೆಯಲ್ಲಿ ಓಡಾಡಿಕೊಂಡಿದ್ದರೆ, ಗೂಡಿನಿಂದೆದ್ದ ಚಿಗಟ ಅದರ ಮೈಯೇರಿ ಸಾಯುತ್ತದೆ. ನಾವು ಅಪರಾಧಿಯೆಂದು ಹೊರದೂಡಲು ಹೊರಟವನೇ ಮನೆ ಶುದ್ಧಮಾಡಿದ!

ಈಗ ಕರಿಯ ಮಂಚದ ಪಕ್ಕದಲ್ಲಿ ಮಲಗುತ್ತಾನೆ. ತಿಂಗಳ ಮೊದಲ ಭಾನುವಾರ ಕ್ಯಾಲೆಂಡರಿನಲ್ಲಿ ಮಗಳು ಬರೆದ ಕೆಂಪು ಗುರುತಿರುತ್ತದೆ. ಔಷಧಿ ಮರೆತರೆ ಬೈಗುಳ ನನಗೆ, ನಾಯಿಗಲ್ಲ.